ಗೇಟಿನೊಳಗೆ ಬಂದ ರಂಗೋಲಿ

ನಮ್ಮತ್ತೆ ರಂಗೋಲಿಯನ್ನು ಗೇಟಿನ ಒಳಗೆ ಹಾಕಲು ಶುರು ಮಾಡಿದ್ದು ಯಾವತ್ತು ಎಂದು ನನಗೆ ಸರಿಯಾಗಿ ನೆನಪಿಲ್ಲ. ಒಂದು ಬೆಳಗ್ಗೆ ಹಾಲಿನ ಪ್ಯಾಕೆಟ್ ತೆಗೆದುಕೊಳ್ಳಲು ಹೋದವಳು ಅದರ ಮೇಲೆ ಕಾಲಿಟ್ಟೇಬಿಟ್ಟೆ. ಹದಿನೇಳು ವರ್ಷದಿಂದ ಈ ಮನೆಯಲ್ಲಿದ್ದೇನೆ, ಗೇಟಿನ ಒಳಗೆ ನೆಲ ನೋಡಿಕೊಂಡು ನಡೆಯಬೇಕು ಎಂದು ಯಾವತ್ತೂ ಅನ್ನಿಸಿರಲಿಲ್ಲ. ನಾನು ಮದುವೆಯಾಗಿ ಬಂದಾಗ ಅವರ ರಂಗೋಲಿ ಗೇಟಿನಿಂದ ಆಚೆ, ಟಾರಿನ ಮೇಲೆ ನಾಲ್ಕಡಿ ಮುಂದಕ್ಕೆ ಹೋಗುತ್ತಿತ್ತು. ಧನುರ್ಮಾಸದಲ್ಲಂತೂ ಎದುರು ಮನೆಯವರದ್ದೂ ಇವರದ್ದೂ ರಸ್ತೆಯ ನಡುವೆ ಹೆಚ್ಚುಕಡಿಮೆ ಮುಟ್ಟಿಕೊಳ್ಳುತ್ತಿದ್ದವು. ಇಬ್ಬರೂ ಬಗ್ಗಿದಲ್ಲಿಂದಲೇ ತಲೆಯೆತ್ತದೆ ಊರ ಸುದ್ದಿಯೆಲ್ಲ ಮುಗಿಸುತ್ತಿದ್ದರು. ಆಮೇಲೆ ಯಾವಾಗಲೋ ಇಪ್ಪತ್ತೊಂದು ಚುಕ್ಕಿ ಹನ್ನೊಂದಾಯಿತು, ಹನ್ನೊಂದು ಏಳಾಯಿತು, ರಂಗೋಲಿ ಚರಂಡಿಯ ಚಪ್ಪಡಿಯ ಮೇಲೆ ಹತ್ತಿ ಕೂತಿತು, ಕೊನೆಗೆ ಒಳಗೇ ಬಂದುಬಿಟ್ಟಿತು. ಯಾಕತ್ತೆ ಎಂದು ಕೇಳಿದರೆ, "ಆಚೆ ಹಾಕಿ ಏನ್ಮಾಡ್ಲಿ? ಒಳಗೆ ಹೋಗಿ ಕಾಫಿ ಕುಡಿದು ಬರೋಷ್ಟ್ರಲ್ಲಿ ಟೈರು ಅರ್ಧ ಹೊತ್ಕೊಂಡು ಹೋಗಿರತ್ತೆ. ಅದೂ ಹೋಗ್ಲಿ, ಬಗ್ಗಿರೋವಾಗ ಹಿಂದಿಂದ ಹಾರ್ನ್ ಹೊಡೀತಾರೆ" ಎಂದರು. ದೂರು ಕೊಡುವ ದನಿಯೇ ಇರಲಿಲ್ಲ. ಮಳೆ ಬಂದರೆ ಒಗೆದ ಬಟ್ಟೆ ಒಳಗೆ ತರುತ್ತೇವಲ್ಲ, ಹಾಗೆ ಹೇಳಿದರು.

ನನ್ನನ್ನು ಕೊರೆಯುತ್ತಿರುವುದು ಆ ದನಿಯೇ. ಕಳೆದ ಒಂದೂವರೆ ವರ್ಷದಿಂದ ನಮ್ಮ ಕ್ರಾಸಿನ ಹತ್ತಿಪ್ಪತ್ತು ಜನ ಸೇರಿ ಈ ರಸ್ತೆಯಲ್ಲಿ ವಾಹನ ಕಡಿಮೆ ಮಾಡಿಸಬೇಕೆಂದು ಓಡಾಡುತ್ತಿದ್ದೇವೆ. ನಾನೂ ಅದರಲ್ಲಿ ಒಬ್ಬಳು. ಏನೇನು ಆಯಿತು, ಏನೇನು ಆಗಲಿಲ್ಲ ಎನ್ನುವುದನ್ನು ಬರೆದಿಡಬೇಕು ಅನ್ನಿಸಿತು. ಬರೆಯಲು ಕೂತಾಗ ಇನ್ನೊಂದು ಮುಜುಗರದ ವಿಷಯವೂ ಹೊರಬಂತು. ಅದು ಮುಂದೆ ಬರುತ್ತದೆ.

ನೀರಿಗೆ ದಾರಿ ಗೊತ್ತಾದರೆ

ದಕ್ಷಿಣ ಬೆಂಗಳೂರಿನ ಹಳೇ ಬಡಾವಣೆಗಳ ಕ್ರಾಸು ಹೇಗಿರುತ್ತದೆ ಎಂದು ವಿವರಿಸಬೇಕಿಲ್ಲ. ಎರಡು ಬದಿ ಮನೆ, ಒಂದೆರಡು ಹೊಂಗೆ ಮರ, ಮೂಲೆಯಲ್ಲಿ ಪ್ರಾವಿಜನ್ ಸ್ಟೋರು, ಇನ್ನೊಂದು ಮೂಲೆಯಲ್ಲಿ ಇಸ್ತ್ರಿ ಗಾಡಿ. ನಮ್ಮದು ಎರಡು ಮುಖ್ಯರಸ್ತೆಗಳ ನಡುವೆ ಓರೆಯಾಗಿ ಬಿದ್ದಿರುವ ಕ್ರಾಸು. ಅದೇ ನಮ್ಮ ಗ್ರಹಚಾರ. ಮುಖ್ಯರಸ್ತೆಗೆ ವೈಟ್ ಟಾಪಿಂಗ್ ಮಾಡುತ್ತೇವೆಂದು ಅಗೆದಾಗ ಗಾಡಿಗಳನ್ನೆಲ್ಲ ಇತ್ತ ತಿರುಗಿಸಿದರು. ಒಳ್ಳೆಯದೇ, ನಾಲ್ಕು ತಿಂಗಳು ಸಹಿಸಿಕೊಳ್ಳೋಣ ಎಂದುಕೊಂಡೆವು. ಕೆಲಸ ಮುಗಿಯಿತು, ಕಾಂಕ್ರೀಟಿನ ರಸ್ತೆ ಬೆಳ್ಳಗೆ ಫಳಫಳ ಅಂದಿತು, ಗಾಡಿಗಳು ಮಾತ್ರ ಮರಳಿ ಹೋಗಲಿಲ್ಲ. ಅಷ್ಟರಲ್ಲಿ ಮೊಬೈಲಿನ ಮ್ಯಾಪಿಗೂ ನಮ್ಮ ಕ್ರಾಸು ಪರಿಚಯವಾಗಿತ್ತು. ಸಿಗ್ನಲ್ ಕೆಂಪಾದರೆ ಸಾಕು, ಎರಡು ನಿಮಿಷ ಉಳಿಯುತ್ತದೆ ಎಂದು ಅದು ಎಲ್ಲರಿಗೂ ಒಂದೇ ಗುಟ್ಟು ಹೇಳುತ್ತದೆ. ಎಲ್ಲರಿಗೂ ಹೇಳಿದ ಮೇಲೆ ಆ ಎರಡು ನಿಮಿಷವೂ ಉಳಿಯುವುದಿಲ್ಲ, ಆದರೆ ಬಂದವರು ಬರುತ್ತಲೇ ಇರುತ್ತಾರೆ. ಬೆಂಗಳೂರಿನಲ್ಲಿ ನೋಂದಣಿಯಾದ ವಾಹನಗಳು ಒಂದು ಕೋಟಿ ದಾಟಿವೆ ಎಂದು ಓದಿದಾಗ ಅಷ್ಟು ದೊಡ್ಡ ಸಂಖ್ಯೆ ಮನಸ್ಸಿಗೆ ಹತ್ತಿರಲಿಲ್ಲ. ಈಗ ಬೆಳಗ್ಗೆ ಎಂಟೂವರೆಗೆ ಗೇಟು ತೆಗೆದು ಸ್ಕೂಟರನ್ನು ಹಿಮ್ಮುಖವಾಗಿ ಹೊರಗೆ ತರುವಾಗ ಹತ್ತುತ್ತದೆ.

ಲೆಕ್ಕ ಹಾಕುವ ಯೋಚನೆ ಬಂದದ್ದು ಮೂರನೇ ಮನೆಯ, ಬ್ಯಾಂಕಿನಿಂದ ನಿವೃತ್ತರಾದ ಅಂಕಲ್‌ಗೆ. ನಿವೃತ್ತ ಬ್ಯಾಂಕಿನವರ ಕೈಗೆ ಒಂದು ಪೆನ್ನು, ಹಳೇ ಕ್ಯಾಲೆಂಡರಿನ ಹಿಂಬದಿ ಸಿಕ್ಕಿದರೆ ಏನನ್ನು ಬೇಕಾದರೂ ಲೆಕ್ಕ ಮಾಡುತ್ತಾರೆ. ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಎಂಟರಿಂದ ಒಂಬತ್ತರವರೆಗೆ ಕೂತರು: ನಾಲ್ಕು ಗೆರೆ, ಅಡ್ಡಕ್ಕೊಂದು ಗೆರೆ, ಐದು. ಕಾರಿಗೊಂದು ಕಾಲಂ, ದ್ವಿಚಕ್ರಕ್ಕೊಂದು, ಆಟೋಗೊಂದು, ಟೆಂಪೋಗೊಂದು. ಅರ್ಧ ಗಂಟೆಯಲ್ಲಿ ದ್ವಿಚಕ್ರದ ಕಾಲಂ ತುಂಬಿ ಫೆಬ್ರವರಿಯಿಂದ ಮಾರ್ಚಿಗೆ ಹೋಯಿತು. ಆಂಟಿ ಕಾಫಿ ತಂದುಕೊಟ್ಟರೆ ಕುಡಿಯಲು ಪುರುಸೊತ್ತಿಲ್ಲ. ಒಂಬತ್ತಕ್ಕೆ ಎದ್ದು, "ಮನುಷ್ಯರಿಗೂ ಒಂದು ಕಾಲಂ ಇಟ್ಟಿದ್ದೆ ಕಣಮ್ಮ, ನೋಡು" ಎಂದು ತೋರಿಸಿದರು. ನಡೆದುಕೊಂಡು ಹೋದವರ ಕಾಲಂನಲ್ಲಿ ಎರಡು ಕಟ್ಟು, ಮೇಲೆ ಮೂರು ಗೆರೆ. ಅದರಲ್ಲಿ ಒಂದು ಅವರ ಹೆಂಡತಿಯದ್ದು.

ಹಂಪು

ಇಂಥ ಸಂದರ್ಭದಲ್ಲಿ ಬೆಂಗಳೂರಿನವರ ಮೊದಲ ಬೇಡಿಕೆ ಯಾವಾಗಲೂ ಹಂಪು. ನಾವೂ ಅದನ್ನೇ ಕೇಳಿದೆವು. ಎರಡು ತಿಂಗಳು ಓಡಾಡಿದ ಮೇಲೆ ಒಂದು ರಾತ್ರಿ ಯಾರೋ ಬಂದು ಉಳಿದ ಟಾರನ್ನು ಸುರಿದು ಹೋದರು. ಬೆಳಗ್ಗೆ ನೋಡಿದರೆ ರಸ್ತೆಗಡ್ಡಲಾಗಿ ಒಂದು ಮೊಸಳೆ ಮಲಗಿದ ಹಾಗಿತ್ತು. ಬಣ್ಣ ಇಲ್ಲ, ಬೋರ್ಡಿಲ್ಲ. ರಸ್ತೆಗಳಿಗೆ ಅಳತೆ-ಮಾನದಂಡ ಗೊತ್ತುಮಾಡುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಪ್ರಕಾರ ಹಂಪು 3.7 ಮೀಟರು ಅಗಲವಿದ್ದು, ನಡುವೆ 10 ಸೆಂಟಿಮೀಟರು ಮಾತ್ರ ಉಬ್ಬಿರಬೇಕಂತೆ. ಆಗ ಗಾಡಿ ಗಂಟೆಗೆ 25 ಕಿಲೋಮೀಟರು ವೇಗದಲ್ಲಿ ಸಲೀಸಾಗಿ ಏರಿಳಿಯುತ್ತದೆ, ಅದಕ್ಕಿಂತ ಜೋರಾಗಿ ಬಂದವನಿಗೆ ಮಾತ್ರ ಕುಲುಕುತ್ತದೆ. ನಮ್ಮದು ನಿಧಾನವಾಗಿ ಬಂದವರ ಸೊಂಟವನ್ನೂ ಮುರಿಯುವಂಥದ್ದು. ಮೊದಲ ವಾರದಲ್ಲೇ ತರಕಾರಿ ಚೀಲ ಸಿಕ್ಕಿಸಿಕೊಂಡು ಬಂದ ಸ್ಕೂಟರೊಂದು ಉರುಳಿತು. ಸವಾರರಿಗೆ ಏನೂ ಆಗಲಿಲ್ಲ, ಬೀಟ್‌ರೂಟು ಮಾತ್ರ ರಸ್ತೆಯೆಲ್ಲ. ಹಂಪಿನ ಪಕ್ಕದ ಮನೆಯವರಿಗೆ ರಾತ್ರಿಯೆಲ್ಲ ಬ್ರೇಕಿನ ಕಿರ್ ಶಬ್ದ, ಆಮೇಲೆ ಗೇರು ಇಳಿಸಿ ಎಳೆಯುವ ಶಬ್ದ. "ನನ್ನ ಮನೆ ಮುಂದೆ ಬೇಡ, ಎರಡು ಮನೆ ಆಚೆ ಹಾಕಿ" ಎಂದರು. ಎರಡು ಮನೆ ಆಚೆಯವರೂ ಅದನ್ನೇ ಹೇಳಿದರು. ಗಾಡಿಗಳ ಸಂಖ್ಯೆಯಲ್ಲಿ ಒಂದೂ ಕಡಿಮೆಯಾಗಲಿಲ್ಲ. ವೇಗ ಇಳಿಸುವುದು ಬೇರೆ, ಹಾದುಹೋಗುವುದನ್ನೇ ತಡೆಯುವುದು ಬೇರೆ ಎಂದು ನಮಗೆ ಅರ್ಥವಾಗಲು ಒಂದು ಮೊಸಳೆ ಬೇಕಾಯಿತು.

ಬೇಕಾಗಿದ್ದದ್ದು ಸರಳ. ಕ್ರಾಸಿನ ನಡುವೆ ಒಂದು ಕಡೆ ನಾಲ್ಕು ಕಂಬ. ನಡೆಯುವವರು, ಸೈಕಲ್ಲು, ತಳ್ಳುಗಾಡಿ ಹಾಯುವಷ್ಟು ಸಂದು. ಯಾರ ಮನೆಗೆ ಬೇಕಾದರೂ ಒಂದಲ್ಲ ಒಂದು ತುದಿಯಿಂದ ಕಾರು ಬರಬಹುದು, ಆದರೆ ಒಂದು ತುದಿಯಿಂದ ಹೊಕ್ಕು ಇನ್ನೊಂದು ತುದಿಯಿಂದ ಹೊರಗೆ ಹೋಗುವ ಹಾಗಿಲ್ಲ. ಇಷ್ಟೇ. ಇಷ್ಟನ್ನು ಕೇಳಲು ಹೋದಾಗ ಒಂದು ಕಚೇರಿಯವರು ಇದು ಪೊಲೀಸರಿಗೆ ಸಂಬಂಧಿಸಿದ್ದು ಎಂದರು. ಪೊಲೀಸರು ಕಂಬ ನೆಡುವುದು ನಮ್ಮ ಕೆಲಸವಲ್ಲ ಎಂದರು. ಮೂರನೇ ಕಚೇರಿಯವರು ಮನವಿಯನ್ನು ಎರಡು ಪ್ರತಿಯಲ್ಲಿ ತೆಗೆದುಕೊಂಡು, ಒಂದರ ಮೇಲೆ ಸೀಲು ಒತ್ತಿ ವಾಪಸು ಕೊಟ್ಟರು. ಆ ಸೀಲೇ ನಮ್ಮ ಮೊದಲ ವರ್ಷದ ಸಾಧನೆ.

'ಹೊರಗಿನವರು' ಎಂದರೆ ಯಾರು ಸಾರ್?

ನನಗೆ ಮರೆಯಲಾಗದ್ದು ಗಣಪತಿ ದೇವಸ್ಥಾನದ ಹಿಂದಿನ ಹಾಲಿನಲ್ಲಿ ನಡೆದ ಸಭೆ. ಚಪಾತಿ-ಸಾಗು ಮಾಡಿಸಿದ್ದೆವು, ಇಲ್ಲದಿದ್ದರೆ ಜನ ಬರುವುದಿಲ್ಲ. ಬ್ಯಾಂಕಿನ ಅಂಕಲ್ ಮನವಿಯ ಕರಡು ಓದಿದರು. ಅದರಲ್ಲಿ 'ಹೊರಗಿನವರ ವಾಹನಗಳಿಂದ ಸ್ಥಳೀಯ ನಿವಾಸಿಗಳಿಗೆ ತೀವ್ರ ತೊಂದರೆಯಾಗುತ್ತಿದ್ದು' ಎಂದಿತ್ತು. ಹಿಂದಿನ ಸಾಲಿನಲ್ಲಿ ಕೂತಿದ್ದ ಆಟೋ ಓಡಿಸುವವರೊಬ್ಬರು ಎದ್ದರು. ಕ್ರಾಸಿನ ಕೊನೆಯ ವಠಾರದಲ್ಲಿ ನಮ್ಮೆಲ್ಲರಿಗಿಂತ ಮೊದಲಿಂದ ಇರುವವರು. "ಸಾರ್, ಹೊರಗಿನವರು ಅಂದ್ರೆ ಯಾರು ಸಾರ್? ನಾನು ಬೆಳಗ್ಗೆಯಿಂದ ರಾತ್ರಿವರೆಗೆ ಬೇರೆಯವರ ಕ್ರಾಸಲ್ಲೇ ಇರ್ತೀನಿ. ಅಲ್ಲಿ ನಾನು ಹೊರಗಿನವನು." ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಬೆಂಗಳೂರಿನಲ್ಲಿ ಆ ಪದಕ್ಕೆ ಬೇರೆ ಬೇರೆ ಮುಳ್ಳುಗಳಿವೆ, ಗೊತ್ತಲ್ಲ. ಅಂಕಲ್ ಪೆನ್ನು ತೆಗೆದು ಅದನ್ನು ಹೊಡೆದುಹಾಕಿ 'ಹಾದುಹೋಗುವ' ಎಂದು ಬರೆದರು.

ಅಲ್ಲಿಂದ ಸಭೆ ನಿಜವಾಗಿ ಶುರುವಾಯಿತು. ಅಂಗಡಿಯವರು ಗಾಡಿ ನಿಲ್ಲಿಸಿ ಹಾಲು-ಬ್ರೆಡ್ಡು ತೆಗೆದುಕೊಂಡು ಹೋಗುವವರಿಂದಲೇ ತಮ್ಮ ಅರ್ಧ ವ್ಯಾಪಾರ ಎಂದರು. ಹೂವಿನ ಅಜ್ಜಿಗೆ ತದ್ವಿರುದ್ಧ ಅನುಭವ: "ಗಾಡಿಯೋರು ಎಲ್ಲಿ ನಿಲ್ಲಿಸ್ತಾರವ್ವ, ನಡ್ಕೊಂಡ್ ಬರೋರೇ ಮೊಳ ಹೂವ ತಗಳೋದು." ಅಂಬ್ಯುಲೆನ್ಸ್ ಬರಬೇಕಾದರೆ ಏನು ಮಾಡುತ್ತೀರಿ ಎಂದು ಯಾರೋ ಕೇಳಿದರು (ಪ್ರತಿ ಸಭೆಯಲ್ಲೂ ಒಬ್ಬರು ಕೇಳಿಯೇ ಕೇಳುತ್ತಾರೆ, ಕೇಳಬೇಕು ಕೂಡ). ಕಂಬ ತೆಗೆಯಲು ಬರುವ ಹಾಗಿರಲಿ ಎಂದಾಯಿತು. ಊಟ ತಲುಪಿಸುವ ಕೆಲಸ ಮಾಡುವ ಹುಡುಗನೊಬ್ಬ, ನಮ್ಮ ಬಾಡಿಗೆ ಮನೆಯವನೇ, ಬಾಗಿಲ ಬಳಿ ಹೆಲ್ಮೆಟ್ ಕೈಯಲ್ಲಿ ಹಿಡಿದು ನಿಂತಿದ್ದ. "ಅಕ್ಕ, ನೀವು ಇಲ್ಲಿ ಮುಚ್ಚಿದ್ರೆ ನನಗೆ ಸಿಗ್ನಲ್ ಸುತ್ತಾಕ್ಕೊಂಡು ಬರ್ಬೇಕು. ಆ ಟೈಮ್ ಯಾರ ಜೇಬಿಂದ ಹೋಗತ್ತೆ ಹೇಳಿ?" ಇದಕ್ಕೆ ನಮ್ಮಲ್ಲಿ ಉತ್ತರ ಇರಲಿಲ್ಲ. ಈಗಲೂ ಇಲ್ಲ. ಹತ್ತು ನಿಮಿಷದಲ್ಲಿ ಇಡ್ಲಿ ಬರಬೇಕು ಎಂದು ಆರ್ಡರ್ ಕೊಡುವವರೂ ನಾವೇ, ಆ ಇಡ್ಲಿ ತರುವವನು ನಮ್ಮ ಬೀದಿಯಲ್ಲಿ ನಿಧಾನವಾಗಿ ಬರಬೇಕು ಎಂದು ಸಹಿ ಹಾಕುವವರೂ ನಾವೇ.

ಆಮೇಲೆ ನನಗೆ ಸ್ವಲ್ಪ ಕೋಪವೇ ಬಂದ ವಿಷಯ ಪಾರ್ಕಿಂಗ್. ನಮ್ಮ ಕ್ರಾಸಿನ ಎರಡೂ ಬದಿಯನ್ನು ನುಂಗಿರುವುದು ಹಾದುಹೋಗುವವರ ಗಾಡಿಗಳಲ್ಲ, ನಮ್ಮ ಕಾರುಗಳು. ಮನೆಗೊಂದು, ಕೆಲವರಿಗೆರಡು, ಮೇಲೆ ಬೂದುಬಣ್ಣದ ಹೊದಿಕೆ, ವಾರಕ್ಕೊಮ್ಮೆ ದೂಳು ಕೊಡವುವ ಶಾಸ್ತ್ರ. ಕಾರಿಗೆಂದು ಬಿಟ್ಟ ಜಾಗದಲ್ಲಿ ರೂಮು ಕಟ್ಟಿ ಬಾಡಿಗೆಗೆ ಕೊಟ್ಟವರೇ ರಸ್ತೆಯಲ್ಲಿ ಹೂಕುಂಡ ಇಟ್ಟು 'ನೋ ಪಾರ್ಕಿಂಗ್' ಬೋರ್ಡು ನೇತುಹಾಕಿದ್ದಾರೆ. ಮಕ್ಕಳಿಗೆ ಆಡಲು ಜಾಗ ಬೇಕೆಂದು ಬರೆಯುತ್ತೇವಲ್ಲ, ಆ ಕಾರುಗಳ ವಿಷಯವನ್ನೂ ಸೇರಿಸೋಣವೇ ಎಂದು ನಾನು ಕೇಳಿದೆ. ಸಾಗು ಚೆನ್ನಾಗಿದೆ ಎಂದು ಯಾರೋ ಹೇಳಿದರು.

ಸಭೆಯಿಂದ ಒಂದು ಒಳ್ಳೆಯ ವಿಷಯ ಸಿಕ್ಕಿತು. ವಕೀಲಿಕೆ ಮಾಡುವ ಹೆಣ್ಣುಮಗಳೊಬ್ಬಳು 1988ರ ಮೋಟಾರು ವಾಹನ ಕಾಯ್ದೆಯ 115ನೇ ಸೆಕ್ಷನ್ ತೋರಿಸಿದಳು. ಸಾರ್ವಜನಿಕರ ಸುರಕ್ಷತೆ, ಅನುಕೂಲಕ್ಕಾಗಿ ಒಂದು ರಸ್ತೆಯಲ್ಲಿ ವಾಹನಗಳನ್ನು ನಿರ್ಬಂಧಿಸುವ ಅಧಿಕಾರ ರಾಜ್ಯ ಸರ್ಕಾರಕ್ಕೂ ಅದು ನೇಮಿಸಿದ ಪ್ರಾಧಿಕಾರಕ್ಕೂ ಇದೆ. ನಿರ್ಬಂಧ ಒಂದು ತಿಂಗಳು ಮೀರದಿದ್ದರೆ ಗೆಜೆಟ್ಟಿನಲ್ಲಿ ಪ್ರಕಟಿಸುವ ಅಗತ್ಯವೂ ಇಲ್ಲ, ಸ್ಥಳದಲ್ಲಿ ಜನರಿಗೆ ತಿಳಿಯುವಂತೆ ಮಾಡಿದರೆ ಸಾಕು. ಅಂದರೆ ಒಂದು ತಿಂಗಳು ಮಾಡಿ ನೋಡುವುದಕ್ಕೆ ಕಾನೂನೇ ಬಾಗಿಲು ತೆರೆದಿಟ್ಟಿದೆ. ಶಾಶ್ವತವಾಗಿ ಮುಚ್ಚಿ ಎಂದು ಕೇಳಿದರೆ ಅಧಿಕಾರಿಗಳಿಗೂ ಭಯ, ಅಂಗಡಿಯವರಿಗೂ ಭಯ. 'ನಾಲ್ಕು ಭಾನುವಾರ' ಎಂದರೆ ಯಾರಿಗೂ ಅಷ್ಟು ಭಯವಿಲ್ಲ. ಮನವಿಯನ್ನು ಹೊಸದಾಗಿ ಬರೆದೆವು.

ದೇವರಿಗೆ ಮುಚ್ಚುವ ಬೀದಿ

ಈ ನಡುವೆ ಗಣೇಶನ ಹಬ್ಬ ಬಂತು. ಮುಂದಿನ ಕ್ರಾಸಿನಲ್ಲಿ ಎಂದಿನಂತೆ ರಸ್ತೆಗಡ್ಡ ಪೆಂಡಾಲ್ ಹಾಕಿದರು. ಸರ್ವೆ ಮರದ ಕಂಬ, ಕೆಂಪು-ಬಿಳಿ ಬಟ್ಟೆ, ಸೀರಿಯಲ್ ಸೆಟ್ಟು, ಐದು ದಿನ ಗಾಡಿ ಸಂಚಾರ ಪೂರ್ತಿ ಬಂದ್. ಮ್ಯಾಪು ಒಂದು ದಿನ ತಡಬಡಿಸಿ ಬೇರೆ ದಾರಿ ಕಲಿಯಿತು. ಕ್ಯಾಬಿನವರು ಬಗ್ಗಿ ನೋಡಿ, ಓ ಗಣೇಶ ಎಂದು ಒಂದು ಕೈ ಎದೆಗೆ ಮುಟ್ಟಿಸಿ, ರಿವರ್ಸ್ ತೆಗೆದುಕೊಂಡು ಹೋದರು. ಒಬ್ಬರೂ ಅಂಬ್ಯುಲೆನ್ಸಿನ ಪ್ರಶ್ನೆ ಕೇಳಲಿಲ್ಲ. ಆ ಐದು ಸಂಜೆ ಅಲ್ಲಿ ನಡೆದದ್ದನ್ನು ನಾನು ಈ ಸಲ ಬೇರೆ ಕಣ್ಣಿನಿಂದ ನೋಡಿದೆ. ಆರತಿ ಇದ್ದದ್ದು ಹದಿನೈದು ನಿಮಿಷ. ಉಳಿದ ಹೊತ್ತೆಲ್ಲ ಹೆಂಗಸರು ಬಾಡಿಗೆ ಕುರ್ಚಿಗಳನ್ನು ಎಳೆದುಕೊಂಡು ಕೂತಿದ್ದರು, ಮಕ್ಕಳು ರಸ್ತೆಯ ಉದ್ದಕ್ಕೂ ಓಡುತ್ತಿದ್ದವು, ಮೂರು ವರ್ಷದ ಕೂಸೊಂದನ್ನು ಅದರ ಪಾಡಿಗೆ ಬಿಟ್ಟು ಅದರ ತಾಯಿ ಹರಟುತ್ತಿದ್ದಳು. ಕೂಸು ರಸ್ತೆಯ ನಡುವೆ ಕೂತು ಚರ್ಪಿನ ಬಾಳೆಯೆಲೆ ಹರಿಯುತ್ತಿತ್ತು.

ಕಡಲೆಕಾಯಿ ಪರಿಷೆಗೂ ಇದೇ ಮಾತು. ಕಾರ್ತಿಕದ ಕೊನೆಯ ಸೋಮವಾರ ದೊಡ್ಡಬಸವಣ್ಣನ ಮುಂದಿನ ಬುಲ್ ಟೆಂಪಲ್ ರಸ್ತೆ, ಮಿಕ್ಕ ದಿನ ದಾಟುವುದೇ ಸಾಹಸವಾದ ರಸ್ತೆ, ಪೂರ್ತಿ ಜನರ ಪಾಲು. ಕಡಲೆಕಾಯಿ ಸಿಪ್ಪೆ ಕಾಲಡಿ ಚುರುಚುರು ಅನ್ನುತ್ತದೆ. ಚೈತ್ರ ಹುಣ್ಣಿಮೆಯ ರಾತ್ರಿ ಕರಗ ಬಂದರೆ ಪೇಟೆಯ ಬೀದಿಗಳು ಅದರದ್ದು. ನಮ್ಮ ಹಳೇ ಊರುಗಳಲ್ಲಿ ತೇರಬೀದಿ, ರಥಬೀದಿ ಎಂಬ ಹೆಸರೇ ಇದೆ: ಎಂಥ ಗಾಡಿಗಾಗಿ ಆ ಬೀದಿಯನ್ನು ಅಷ್ಟು ಅಗಲ ಬಿಟ್ಟರು ಎಂದು ಹೆಸರೇ ಹೇಳುತ್ತದೆ. ವರ್ಷಕ್ಕೊಮ್ಮೆ, ಜನ ಹಗ್ಗ ಹಿಡಿದು ಎಳೆದರೆ ಮಾತ್ರ ಚಲಿಸುವ ಗಾಡಿ. ಬೀದಿ ಮುಚ್ಚುವುದು ನಮಗೆ ಹೊಸದಲ್ಲ, ಕಷ್ಟವೂ ಅಲ್ಲ. ದೇವರಿಗೆ, ರಾಜ್ಯೋತ್ಸವದ ಆರ್ಕೆಸ್ಟ್ರಾಗೆ, ಅಣ್ಣಮ್ಮನಿಗೆ, ಮದುವೆ ಊಟದ ಶಾಮಿಯಾನಕ್ಕೆ ಎಲ್ಲದಕ್ಕೂ ಮುಚ್ಚುತ್ತೇವೆ. ಕಾರಣ ಏನೂ ಇಲ್ಲದೆ, ಸುಮ್ಮನೆ ಅಲ್ಲಿ ವಾಸಿಸುವವರಿಗಾಗಿ ಮುಚ್ಚಿ ಎಂದಾಗ ಮಾತ್ರ ಮೂರು ಕಚೇರಿ, ಎರಡು ಪ್ರತಿ, ಒಂದು ಸೀಲು.

ಮನೆ ಎಲ್ಲಿಂದ ಶುರುವಾಗುತ್ತದೆ?

ಅತ್ತೆಯ ರಂಗೋಲಿಗೆ ಸಂಬಂಧಿಸಿದಂತೆ ನನ್ನನ್ನು ಬೆಚ್ಚಿಬೀಳಿಸಿದ ಸಂಗತಿಯೊಂದಿದೆ. 1969ರಲ್ಲಿ ಡೊನಾಲ್ಡ್ ಆಪಲ್‌ಯಾರ್ಡ್ ಎಂಬ ನಗರ ವಿನ್ಯಾಸದ ಪ್ರಾಧ್ಯಾಪಕರು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಒಂದೇ ಬಗೆಯ ಮೂರು ಬೀದಿಗಳನ್ನು ಆರಿಸಿಕೊಂಡರು. ಒಂದರಲ್ಲಿ ದಿನಕ್ಕೆ ಸುಮಾರು 2,000 ವಾಹನ, ಇನ್ನೊಂದರಲ್ಲಿ 8,000, ಮತ್ತೊಂದರಲ್ಲಿ 16,000. ಅಲ್ಲಿನ ಮನೆಗಳಿಗೆ ಹೋಗಿ, ಈ ಬೀದಿಯಲ್ಲಿ ನಿಮಗೆ ಎಷ್ಟು ಜನ ಸ್ನೇಹಿತರಿದ್ದಾರೆ, ಎಷ್ಟು ಜನರ ಪರಿಚಯವಿದೆ ಎಂದು ಕೇಳಿದರು. ಗಾಡಿ ಕಡಿಮೆ ಇದ್ದ ಬೀದಿಯವರಿಗೆ ಸರಾಸರಿ ಮೂವರು ಸ್ನೇಹಿತರು, ಆರಕ್ಕಿಂತ ಹೆಚ್ಚು ಪರಿಚಯದವರು. ಗಾಡಿ ತುಂಬಿದ ಬೀದಿಯವರಿಗೆ ಒಬ್ಬ ಸ್ನೇಹಿತನೂ ಪೂರ್ತಿ ಇಲ್ಲ, 0.9; ಪರಿಚಯದವರು ಮೂವರು. ಇದಕ್ಕಿಂತ ನನಗೆ ತಟ್ಟಿದ್ದು ಅವರು ಕೇಳಿದ ಇನ್ನೊಂದು ಪ್ರಶ್ನೆ: ನಿಮ್ಮ ಮನೆ ಎಂದು ನಿಮಗೆ ಅನ್ನಿಸುವ ಜಾಗವನ್ನು ನಕ್ಷೆಯಲ್ಲಿ ಗುರುತು ಮಾಡಿ. ಗಾಡಿ ಕಡಿಮೆ ಇದ್ದ ಕಡೆ ಜನ ರಸ್ತೆಯನ್ನೂ ಎದುರುಮನೆಗಳನ್ನೂ ಸೇರಿಸಿ ಗೆರೆ ಎಳೆದರು. ಗಾಡಿ ತುಂಬಿದ ಕಡೆ ಗೆರೆ ಸ್ವಂತ ಕಟ್ಟಡದ ಗೋಡೆಗಳೊಳಗೆ ಸೇರಿಕೊಂಡಿತ್ತು. ನಮ್ಮತ್ತೆಗೆ ಯಾರೂ ನಕ್ಷೆ ಕೊಟ್ಟಿರಲಿಲ್ಲ. ಅವರು ದಿನಾ ಬೆಳಗ್ಗೆ ಪುಡಿಯಲ್ಲಿ ಆ ಗೆರೆ ಎಳೆಯುತ್ತಲೇ ಇದ್ದರು, ಇಪ್ಪತ್ತೊಂದು ಚುಕ್ಕಿಯಿಂದ ಏಳು ಚುಕ್ಕಿಗೆ. (ಆಪಲ್‌ಯಾರ್ಡ್ 1982ರಲ್ಲಿ ಅಥೆನ್ಸಿನಲ್ಲಿ ತೀರಿಕೊಂಡರು. ವೇಗವಾಗಿ ಬಂದ ಕಾರೊಂದು ಗುದ್ದಿ.)

ಸಭೆಗಳಲ್ಲಿ ಯಾರಾದರೊಬ್ಬರು ನೆದರ್‌ಲ್ಯಾಂಡ್ಸ್ ಎನ್ನುತ್ತಾರೆ, ಇನ್ನೊಬ್ಬರು ಅದೆಲ್ಲ ಆ ದೇಶದವರ ರಕ್ತದಲ್ಲೇ ಇದೆ ಬಿಡಿ ಎನ್ನುತ್ತಾರೆ. ರಕ್ತದಲ್ಲೇನೂ ಇರಲಿಲ್ಲ. 1971ರಲ್ಲಿ ಆ ಪುಟ್ಟ ದೇಶದಲ್ಲಿ ರಸ್ತೆ ಅಪಘಾತಗಳಲ್ಲಿ ಸತ್ತವರು ಮೂರು ಸಾವಿರಕ್ಕೂ ಹೆಚ್ಚು, ಅದರಲ್ಲಿ ಮಕ್ಕಳು ನಾನೂರಕ್ಕೂ ಹೆಚ್ಚು. ಹಾಗೆ ಮಗಳನ್ನು ಕಳೆದುಕೊಂಡ ಫಿಕ್ ಲಾಂಗನ್‌ಹಾಫ್ ಎಂಬ ಪತ್ರಕರ್ತ 1972ರಲ್ಲಿ ತಮ್ಮ ಪತ್ರಿಕೆಯಲ್ಲಿ ಬರೆದ ಲೇಖನಕ್ಕೆ 'ಮಕ್ಕಳ ಕೊಲೆ ನಿಲ್ಲಿಸಿ' ಎಂದು ತಲೆಬರಹ ಕೊಟ್ಟರು. ಅದೇ ಒಂದು ಚಳವಳಿಯ ಹೆಸರಾಯಿತು. ಅದೇ ವರ್ಷ ಆಮ್‌ಸ್ಟರ್‌ಡ್ಯಾಮಿನ ಡೆ ಪೈಪ್ ಎಂಬ ಇಕ್ಕಟ್ಟು ಬಡಾವಣೆಯಲ್ಲಿ ಮಕ್ಕಳೇ ಸಹಿ ಸಂಗ್ರಹಿಸಿ, ಆಡಲು ಜಾಗ ಬೇಕೆಂದು ಬೀದಿಯನ್ನು ತಾವೇ ಅಡ್ಡಗಟ್ಟಿದ್ದನ್ನು ಟಿವಿಯವರು ಚಿತ್ರೀಕರಿಸಿದ್ದಾರೆ. ಅದರಲ್ಲಿ ದೊಡ್ಡವರು ದೊಡ್ಡವರ ಮೇಲೆ ಕೂಗಾಡುವುದನ್ನು ನೋಡಿದರೆ ಭಾಷೆಯೊಂದು ಬಿಟ್ಟು ಮಿಕ್ಕಿದ್ದೆಲ್ಲ ನಮ್ಮ ಗಣಪತಿ ದೇವಸ್ಥಾನದ ಹಾಲು.

ನಮ್ಮೂರಿನವರಿಗೂ ಹೋರಾಟ ಗೊತ್ತಿಲ್ಲವೆಂದಲ್ಲ. 2016ರ ಅಕ್ಟೋಬರ್ 16ರಂದು ಬಸವೇಶ್ವರ ವೃತ್ತದಿಂದ ಹೆಬ್ಬಾಳದ ಕಡೆಗೆ ಉಕ್ಕಿನ ಮೇಲ್ಸೇತುವೆ ಬೇಡವೆಂದು ಸಾವಿರಾರು ಜನ ಕೈ ಕೈ ಹಿಡಿದು ನಿಂತಾಗ ನಾನೂ ಇದ್ದೆ. ಎಂಟುನೂರಕ್ಕೂ ಹೆಚ್ಚು ಮರಗಳು ಹೋಗಬೇಕಿದ್ದ ಯೋಜನೆ ಅದು, ಮರುವರ್ಷ ಮಾರ್ಚಿನಲ್ಲಿ ಸರ್ಕಾರ ಕೈಬಿಟ್ಟಿತು. ಅವತ್ತು ಕೂಗಲು ಎಷ್ಟು ಸುಲಭವಿತ್ತು! 'ಬೇಡ' ಎಂಬ ಒಂದೇ ಪದ ಸಾಕಿತ್ತು. ಎದುರಿಗೆ ಇದ್ದದ್ದು ಸರ್ಕಾರ, ಕಂಟ್ರಾಕ್ಟು, ಸಾವಿರಾರು ಕೋಟಿ. ಒಂದು ಕ್ರಾಸಿನಲ್ಲಿ ಗಾಡಿ ಕಡಿಮೆ ಮಾಡಿ ಎನ್ನುವಾಗ ಎದುರಿಗೆ ಇರುವುದು ಅಂಗಡಿಯವರು, ಬಾಡಿಗೆ ಮನೆಯ ಹುಡುಗ, ಆಮೇಲೆ ನಾನು. ಅವತ್ತು ಮಾನವ ಸರಪಳಿಗೆ ನಾನು ಹೋದದ್ದು ಕಾರಿನಲ್ಲಿ. ಪಾರ್ಕಿಂಗ್ ಸಿಗದೆ ಯಾರದೋ ಗೇಟಿನ ಮುಂದೆ ನಿಲ್ಲಿಸಿ ಓಡಿದ್ದೆ.

"ಗಾಡಿ!"

ಮುಜುಗರದ ವಿಷಯ ಎಂದೆನಲ್ಲ, ಅದು ಇದೇ ಜಾತಿಯದ್ದು. ಮನವಿಗೆ ಸಹಿ ಹಾಕಿಸುತ್ತಿದ್ದ ವಾರಗಳಲ್ಲೇ ಒಂದು ಶನಿವಾರ ಮಗಳನ್ನು ಸಂಗೀತ ಪಾಠಕ್ಕೆ ಬಿಡಲು ಹೊರಟಿದ್ದೆ. ತಡವಾಗಿತ್ತು. ಸಿಗ್ನಲ್ ಹತ್ತಿರ ಸಾಲು ನೋಡಿ ಫೋನಿನ ಹೆಂಗಸು 'ಎಡಕ್ಕೆ ತಿರುಗಿ' ಎಂದಳು, ತಿರುಗಿದೆ. ನನಗೆ ಗೊತ್ತಿಲ್ಲದ ಬಡಾವಣೆ, ಗೊತ್ತಿಲ್ಲದ ಕ್ರಾಸು, ಆದರೂ ಎಲ್ಲವೂ ಗೊತ್ತಿದ್ದಂತೆಯೇ ಇತ್ತು: ಅದೇ ಹೊಂಗೆ, ಅದೇ ಇಸ್ತ್ರಿ ಗಾಡಿ. ಒಂದು ರಟ್ಟಿನ ಮೇಲೆ ಮಕ್ಕಳ ಕೈಬರಹದಲ್ಲಿ 'ನಿದಾನ' ಎಂದು ಬರೆದು ಕಂಬಕ್ಕೆ ಕಟ್ಟಿದ್ದರು, ಮಹಾಪ್ರಾಣ ಬಿಟ್ಟುಹೋಗಿತ್ತು. ನಾನು ಅದನ್ನು ಓದಿದೆ. ಕಾಗುಣಿತದ ತಪ್ಪನ್ನು ಗಮನಿಸುವಷ್ಟು ವ್ಯವಧಾನವಿತ್ತು, ವೇಗ ಇಳಿಸುವಷ್ಟಿರಲಿಲ್ಲ. ಮುಂದೆ ಏಳೆಂಟು ಹುಡುಗರು ಕ್ರಿಕೆಟ್ಟು ಆಡುತ್ತಿದ್ದರು, ಹಾಲೋ ಬ್ಲಾಕೇ ವಿಕೆಟ್ಟು. ನಾನು ಹಾರ್ನ್ ಹೊಡೆದೆ. "ಗಾಡಿ!" ಎಂದು ಒಬ್ಬ ಕೂಗಿದ. ಬ್ಯಾಟಿನವನು ಬ್ಲಾಕನ್ನು ಕಾಲಿಂದ ಪಕ್ಕಕ್ಕೆ ತಳ್ಳಿದ, ಬೌಲರು ಓಡಿಬರುತ್ತಿದ್ದವನು ನಡುವೆಯೇ ನಿಂತು ಚೆಂಡನ್ನು ಎದೆಗೊತ್ತಿಕೊಂಡ, ಎಲ್ಲರೂ ಗೋಡೆಗೆ ಒರಗಿ ನಿಂತು ನಾನು ಹೋಗುವುದನ್ನೇ ಕಾದರು. ಯಾರ ಮುಖದಲ್ಲೂ ಸಿಟ್ಟಿರಲಿಲ್ಲ. ಎಷ್ಟು ಅಭ್ಯಾಸವಾಗಿತ್ತೆಂದರೆ ಒಬ್ಬ ಆ ಬಿಡುವಿನಲ್ಲಿ ಚಪ್ಪಲಿಯ ಉಂಗುಷ್ಠ ಸರಿಮಾಡಿಕೊಂಡ.

ನನಗೆ ಅತ್ತೆಯ ದನಿ ನೆನಪಾಯಿತು. ಟೈರು ಹೊತ್ಕೊಂಡು ಹೋಗಿರತ್ತೆ. ನಾವೂ ಚಿಕ್ಕವರಿದ್ದಾಗ ತುಮಕೂರಿನ ಬೀದಿಯಲ್ಲಿ ಹಾಗೆಯೇ ಕೂಗುತ್ತಿದ್ದೆವು, ಲಗೋರಿಯ ಬಿಲ್ಲೆಗಳನ್ನು ಹಾಗೇ ಬಿಟ್ಟು. ಆದರೆ ಆಗ ಮಧ್ಯಾಹ್ನಕ್ಕೆ ಒಂದೋ ಎರಡೋ ಸಲ ಕೂಗಿದರೆ ಹೆಚ್ಚು, ಅದೂ ಡಾಕ್ಟರ ಅಂಬಾಸಡರು ಬಂದರೆ ಒಂದು ಸಂಭ್ರಮ. ಹಿಂದೆ ಕೂತ ಮಗಳು, "ಅಮ್ಮ, ಇದೂ ನಮ್ ರೋಡ್ ತರಾನೇ ಇದೆ ಅಲ್ವಾ?" ಎಂದಳು. ಹೌದು ಪುಟ್ಟ, ಎಂದೆ. ಹದಿನೈದು ದಿನ ಸಿಗ್ನಲ್ ಮೇಲೆಯೇ ಹೋದೆ. ಹದಿನಾರನೇ ದಿನ ತಡವಾಗಿತ್ತು.

ಇದನ್ನು ಹೇಳಿಕೊಂಡರೆ ಗೆಳತಿಯೊಬ್ಬಳು, ಹಾಗಾದರೆ ಮೊದಲು ನೀನು ಸರಿಹೋಗು, ಆಮೇಲೆ ಮನವಿ ಕೊಡು ಎಂದಳು. ನಾನು ಒಪ್ಪಲಿಲ್ಲ. ನಾನು ಒಳ್ಳೆಯವಳಾಗುವುದನ್ನು ಆ ಹುಡುಗರು ಕಾಯುತ್ತ ಕೂತರೆ ಅವರ ಆಟದ ವಯಸ್ಸು ಮುಗಿದಿರುತ್ತದೆ. ತಡವಾದ ದಿನ ನನ್ನನ್ನು ತಡೆಯಬೇಕಾದದ್ದು ನನ್ನ ಮನಸ್ಸಾಕ್ಷಿಯಲ್ಲ, ನಾಲ್ಕು ಕಂಬ. ಅಲ್ಲಿ ಕಂಬ ಇದ್ದಿದ್ದರೆ ಮ್ಯಾಪು ನನಗೆ ಆ ಕ್ರಾಸನ್ನು ತೋರಿಸುತ್ತಲೇ ಇರಲಿಲ್ಲ. ಹಾಗೆಯೇ ನಮ್ಮ ಕ್ರಾಸೊಂದನ್ನೇ ಮುಚ್ಚಿದರೆ ಗಾಡಿಗಳು ಪಕ್ಕದ ಕ್ರಾಸಿಗೆ ಹೋಗುತ್ತವೆ, ಅಲ್ಲೂ ಯಾರದೋ ಅತ್ತೆ ಇರುತ್ತಾರೆ. ಆದ್ದರಿಂದ ಎರಡನೇ ಮನವಿಯಲ್ಲಿ ಅಕ್ಕಪಕ್ಕದ ಐದು ಕ್ರಾಸುಗಳನ್ನೂ ಸೇರಿಸಿದೆವು. ಸಹಿ ಹಾಕಿಸುವ ಕೆಲಸ ಐದು ಪಟ್ಟು, ಜಗಳ ಎಂಟು ಪಟ್ಟು.

ಚರ್ಚ್ ಸ್ಟ್ರೀಟಿನಲ್ಲಿ 2020ರ ನವೆಂಬರಿನಿಂದ ಕೆಲವು ತಿಂಗಳು ಶನಿವಾರ-ಭಾನುವಾರ ವಾಹನ ನಿಲ್ಲಿಸಿದಾಗ ಹೋಗಿದ್ದೆ. ಜನ ರಸ್ತೆಯ ನಡುವೆ ನಡೆಯುತ್ತ, ನಂಬಿಕೆಯಿಲ್ಲದೆ ಹಿಂದಿರುಗಿ ಹಿಂದಿರುಗಿ ನೋಡುತ್ತಿದ್ದರು. ಪ್ರಯೋಗ ಮುಗಿದ ಮೇಲೆ ಗಾಡಿಗಳು ಹಾಗೆಯೇ ವಾಪಸು ಬಂದವು. ಅದು ಪೇಟೆ, ತಿಂಡಿಗೆ ಪುಸ್ತಕಕ್ಕೆ ಹೋಗುವ ಜಾಗ, ವಾರಾಂತ್ಯದ ಮೋಜು ಎಂದು ನೋಡುವುದು ಸುಲಭ. ವಾಸದ ಬೀದಿಗೆ ಯಾರೂ ರಿಬ್ಬನ್ ಕತ್ತರಿಸಲು ಬರುವುದಿಲ್ಲ.

ಮೊದಲ ಭಾನುವಾರ

ಕೊನೆಗೆ ಬಾಯಿಮಾತಿನಲ್ಲಿ ಒಪ್ಪಿಗೆ ಸಿಕ್ಕಿತು: ನಮ್ಮ ಕ್ರಾಸೂ ಪಕ್ಕದ ಕ್ರಾಸೂ ಸೇರಿ, ನಾಲ್ಕು ಭಾನುವಾರ, ಬೆಳಗ್ಗೆ ಆರರಿಂದ ಹತ್ತು. ಎರಡು ಬ್ಯಾರಿಕೇಡು ಕೊಟ್ಟರು, ಒಂದಕ್ಕೆ ಚಕ್ರವಿರಲಿಲ್ಲ. ಹೊಂಗೆ ಮರದ ಹತ್ತಿರ ಅದನ್ನು ಅಡ್ಡ ನಿಲ್ಲಿಸಿ, ಆಟೋದವರೇ ಮೊದಲ ಪಾಳಿಗೆ ನಿಂತರು. ಆರೂಕಾಲಿಗೆ ಒಂದು ಕಾರಿನವರು ಇಳಿದು ಜಗಳವಾಡಿ, ಇವರ ಕೈಯಲ್ಲೇ ದಾರಿ ಕೇಳಿಕೊಂಡು ಹೋದರು. ಎರಡು ಬೈಕು ಚಪ್ಪಡಿಯ ಮೇಲೆ ಹತ್ತಿಸಿಕೊಂಡು ನುಸುಳಿದವು. ಆಮೇಲೆ ಒಂದು ಥರದ ನಿಶ್ಶಬ್ದ ಬಂತು. ಕುಕ್ಕರಿನ ಸೀಟಿ ಯಾವ ಮನೆಯದ್ದೆಂದು ಗುರುತು ಸಿಗುವಷ್ಟು. ಬ್ಯಾಂಕಿನ ಅಂಕಲ್ ಕುರ್ಚಿ ಹಾಕಿಕೊಂಡು ನಡೆಯುವವರ ಕಾಲಂಗೆ ದೊಡ್ಡ ಜಾಗ ಬಿಟ್ಟುಕೊಂಡು ಕೂತಿದ್ದರು.

ನಾನು ಗೇಟು ತೆಗೆದು ಹೊರಗೆ ಬಂದೆ. ಅತ್ತೆ ರಂಗೋಲಿ ಡಬ್ಬಿ ಹಿಡಿದು ಒಳಗೇ ನಿಂತಿದ್ದರು, ನೀರು ಚಿಮುಕಿಸಿ ಆಗಿತ್ತು.

"ಇವತ್ತು ಆಚೆ ಹಾಕಬಹುದು ಅತ್ತೆ, ಗಾಡಿ ಬರಲ್ಲ."

ಅವರು ಒಂದು ಹೆಜ್ಜೆ ಮುಂದೆ ಬಂದು ಬಲಕ್ಕೆ ನೋಡಿದರು, ಎಡಕ್ಕೆ ನೋಡಿದರು.

"ಎಷ್ಟೊತ್ತಿನ ತನಕ?"

"ಹತ್ತು ಗಂಟೆ ತನಕ."

"ಹಾಗಾದ್ರೆ ಚಿಕ್ಕದು ಹಾಕ್ತೀನಿ" ಎಂದರು.